ಸಂಘದ ಲೆಕ್ಕ ಗಣಕಯಂತ್ರಕ್ಕೆ ಏರುವ ಮುನ್ನ

ನಿಮ್ಮೂರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಗಣಕಯಂತ್ರ ಬಂದಿರಬಹುದು, ಇಲ್ಲವೇ ಬರಲಿರಬಹುದು. ದೇಶದ 63,000 ಸಂಘಗಳ ಲೆಕ್ಕಪತ್ರವನ್ನು ಒಂದೇ ಬಗೆಯ ತಂತ್ರಾಂಶಕ್ಕೆ ತರುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಆಗ ನಿಗದಿಯಾದ ವೆಚ್ಚ 2,516 ಕೋಟಿ ರೂಪಾಯಿ. ಅನುಷ್ಠಾನದ ಹೊಣೆ ನಬಾರ್ಡ್‌ನದು. ಕರ್ನಾಟಕವೂ ಇದರಲ್ಲಿ ಸೇರಿದೆ.

ಇದು ಸ್ವಾಗತಾರ್ಹ ಕೆಲಸ. ಸಾಲವೆಷ್ಟು, ಷೇರೆಷ್ಟು, ಠೇವಣಿಯೆಷ್ಟು ಎಂಬುದು ಕೇಳಿದ ಕೂಡಲೇ ತಿಳಿಯುತ್ತದೆ. ಲೆಕ್ಕ ಪರಿಶೋಧನೆ ವರ್ಷಗಟ್ಟಲೆ ಬಾಕಿ ಬೀಳುವುದು ತಪ್ಪುತ್ತದೆ. ಆದರೆ ಯಂತ್ರಕ್ಕೆ ಸರಿ ತಪ್ಪು ತಿಳಿಯದು. ಜೊಳ್ಳು ಬಿತ್ತಿದರೆ ಪೈರು ಬಂದೀತೇ? ಹಳೆಯ ಲೆಡ್ಜರಿನ ತಪ್ಪು ಹಾಗೆಯೇ ಒಳಗೆ ಹೋದರೆ, ನಾಳೆ ಅದೇ ಅಚ್ಚಾಗಿ ಹೊರಬಂದು ಸತ್ಯವೆನಿಸಿಕೊಳ್ಳುತ್ತದೆ.

ಪಹಣಿಯ ವಿಷಯ ನಿಮಗೆ ನೆನಪಿರಬೇಕು. ಎರಡು ದಶಕಗಳ ಹಿಂದೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಗಣಕೀಕೃತವಾದವು; ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಅದರಿಂದ ಉಪಕಾರವಾದದ್ದು ನಿಜ. ಆದರೆ ಹೆಸರಿನಲ್ಲಿ ಒಂದಕ್ಷರ, ವಿಸ್ತೀರ್ಣದಲ್ಲಿ ನಾಲ್ಕು ಗುಂಟೆ ತಪ್ಪಿದವರು ತಿದ್ದುಪಡಿಗಾಗಿ ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆದರೆಂಬುದು ಪ್ರತಿ ಊರಿಗೂ ಗೊತ್ತು.

ಸಂಘದ ಲೆಕ್ಕದಲ್ಲಿ ತಪ್ಪಾದರೆ ನಷ್ಟ ಇನ್ನೂ ಹತ್ತಿರದ್ದು. ಬೆಳೆ ಸಾಲದ ಬಡ್ಡಿ ರಿಯಾಯಿತಿ ಗಡುವಿನೊಳಗೆ ತೀರಿಸಿದವರಿಗೆ ಮಾತ್ರ. ನೀವು ಕಟ್ಟಿದ ತಾರೀಖು ತಪ್ಪಾಗಿ ದಾಖಲಾದರೆ, ಪ್ರಾಮಾಣಿಕವಾಗಿ ಸಾಲ ತೀರಿಸಿದ ನೀವೇ ಸುಸ್ತಿದಾರರಾಗುತ್ತೀರಿ. ಬಡ್ಡಿ ಬೀಳುತ್ತದೆ, ಮುಂದಿನ ಸಾಲ ನಿಲ್ಲುತ್ತದೆ.

ಆದ್ದರಿಂದ ಆಡಳಿತ ಮಂಡಳಿಯವರು ಅವಸರಪಡಬಾರದು. ಮಾರ್ಚ್ 31ರ ಶಿಲ್ಕನ್ನು ಪ್ರತಿ ಸದಸ್ಯನ ಖಾತೆಯೊಂದಿಗೆ ತಾಳೆ ನೋಡಿ, ಆ ಪಟ್ಟಿಯನ್ನು ಸದಸ್ಯರ ಮುಂದಿಟ್ಟು, ತಕರಾರು ಹೇಳಲು ಕಾಲಾವಕಾಶ ಕೊಟ್ಟ ಮೇಲೆಯೇ ಯಂತ್ರಕ್ಕೆ ಏರಿಸಬೇಕು. ಮುಂಗಾರಿನ ಸಾಲ ಹಂಚುವ, ಗೊಬ್ಬರ ಮಾರುವ ನೂಕುನುಗ್ಗಲಿನ ದಿನಗಳಲ್ಲಿ ಈ ಬದಲಾವಣೆ ಬೇಡ. ಮೊದಲ ಮೂರು ತಿಂಗಳು ಹಳೆಯ ರೋಕಡ ಪುಸ್ತಕವೂ ಜೊತೆಗೆ ನಡೆಯಲಿ. ದಿನದ ಕೊನೆಗೆ ಎರಡೂ ಶಿಲ್ಕು ಒಂದೇ ಬಂದರೆ ಮಾತ್ರ ಬಾಗಿಲು ಹಾಕಲಿ.

‘ಇರುವವನು ಒಬ್ಬ ಕಾರ್ಯದರ್ಶಿ, ಎರಡೆರಡು ಲೆಕ್ಕ ಬರೆಯುವುದು ಹೇಗೆ?’ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಹಾಗಿದ್ದರೆ ಮೂರು ತಿಂಗಳ ಮಟ್ಟಿಗೆ ಊರಿನ ಓದಿದ ಹುಡುಗನನ್ನೋ ಹುಡುಗಿಯನ್ನೋ ಸಂಬಳ ಕೊಟ್ಟು ನೇಮಿಸಿಕೊಳ್ಳಲಿ. ತಪ್ಪನ್ನು ವರ್ಷಗಟ್ಟಲೆ ತಿದ್ದುವ ಖರ್ಚಿಗಿಂತ ಇದು ಅಗ್ಗ. ಕೆಲಸ ಕಲಿತವರು ಇಬ್ಬರಾದರೂ ಇರಲೇಬೇಕು. ಒಬ್ಬ ರಜೆ ಹಾಕಿದರೆ ಸಂಘವೇ ನಿಲ್ಲಬಾರದು. ಗುಪ್ತಪದವನ್ನು ಒಬ್ಬರದು ಇನ್ನೊಬ್ಬರು ಬಳಸಬಾರದು. ಬಳಸಿದರೆ ನಾಳೆ ತಪ್ಪಿಗೆ ಹೊಣೆ ಯಾರದೆಂದು ತಿಳಿಯುವುದಿಲ್ಲ.

ಇನ್ನು ನಿಮ್ಮ ಪಾಲಿನ ಕೆಲಸ. ಪಾಸ್ ಪುಸ್ತಕ, ಹಳೆಯ ರಸೀದಿಗಳನ್ನು ಜೋಪಾನವಾಗಿಡಿ. ಸಂಘಕ್ಕೆ ಹೋಗಿ ನಿಮ್ಮ ಖಾತೆಯ ಅಚ್ಚು ಪ್ರತಿ ಕೇಳಿ ಪಡೆಯಿರಿ. ಓದಲು ಬಾರದಿದ್ದರೆ ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಹೆಸರು, ಸಾಲದ ಅಸಲು, ಕಟ್ಟಿದ ತಾರೀಖು, ಷೇರು ಹಣ ಈ ನಾಲ್ಕನ್ನು ನೋಡಿ. ವ್ಯತ್ಯಾಸ ಕಂಡರೆ ಬಾಯಿ ಮಾತಿಗೆ ಬಿಡದೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಯಂತ್ರವಿರಲಿಲ್ಲ. ಸದಸ್ಯರ ನಂಬಿಕೆಯೇ ಬಂಡವಾಳವಾಗಿತ್ತು. ಇಂದು ಯಂತ್ರ ಬಂದಿದೆಯೆಂದು ಆ ನಂಬಿಕೆಯನ್ನು ಅದರ ಕೈಗೆ ಒಪ್ಪಿಸಿ ಸುಮ್ಮನಾಗುವುದು ಸಲ್ಲದು. ಸಂಘ ನಿಮ್ಮದು. ಲೆಕ್ಕ ಕೇಳುವ ಹಕ್ಕೂ ನಿಮ್ಮದೇ.