ಮೂಳೆಯ ಮಚ್ಚೆ ಮತ್ತು ವರದಿಯ ಭಾಷೆ

ಸೊಂಟನೋವಿಗೆ ಎಂ.ಆರ್.ಐ. ಬರೆದುಕೊಡುವುದು ನಮ್ಮ ನಗರಗಳಲ್ಲಿ ಈಗ ವಾಡಿಕೆಯಾಗಿದೆ. ನೋವಿಗೆ ಕಾರಣ ಕೀಲಿನ ಸವೆತವೋ ಸ್ನಾಯುವಿನ ಸೆಳೆತವೋ ಇದ್ದೀತು. ಚಿತ್ರದಲ್ಲಿ ಮಾತ್ರ ಅದಕ್ಕೆ ಸಂಬಂಧವೇ ಇಲ್ಲದ ಮಚ್ಚೆಯೊಂದು ತೊಡೆಮೂಳೆಯ ಕತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ. ‘ಗಡ್ಡೆಯ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಹೆಚ್ಚಿನ ಪರೀಕ್ಷೆ ಸೂಕ್ತ’ ಎಂಬ ಸಾಲೊಂದು ವರದಿಯ ತುದಿಯಲ್ಲಿ ಸೇರಿಕೊಂಡರೆ ಸಾಕು, ಆ ಮನೆಯಲ್ಲಿ ಕ್ಯಾನ್ಸರಿನ ಭೀತಿ ಬೀಡುಬಿಡುತ್ತದೆ. ಮುಂದಿನ ಖರ್ಚಿಗೂ ಅಲೆದಾಟಕ್ಕೂ ಆ ಸಾಲೇ ಮೂಲ. ಸ್ಕ್ಯಾನಿಂಗ್ ಯಂತ್ರಗಳ ಸಂಖ್ಯೆಯ ಬಗ್ಗೆ ನಾವು ಧಾರಾಳವಾಗಿ ಚರ್ಚಿಸುತ್ತೇವೆ. ವರದಿಯ ಭಾಷೆಯ ಬಗ್ಗೆ ಚರ್ಚಿಸುವುದಿಲ್ಲ.

ಆಕಸ್ಮಿಕವಾಗಿ ಕಣ್ಣಿಗೆ ಬೀಳುವ ಇಂಥ ಮಚ್ಚೆಗಳಲ್ಲಿ ಬಹುಪಾಲು ನಿರಪಾಯಕಾರಿ. ತೊಡೆಮೂಳೆಯ ಕತ್ತಿನ ಮುಂಭಾಗದಲ್ಲಿ ತೆಳುವಾದ ಬಿಳಿಯಂಚಿನ ಸಣ್ಣ ಕುಳಿಯೊಂದು ಕಾಣುವುದುಂಟು. ಪಿಟ್ ಮತ್ತು ಸಂಗಡಿಗರು 1982ರಲ್ಲಿ ಇದನ್ನು ವಿವರಿಸಿದರು. ವಯಸ್ಕರಲ್ಲಿ ಸುಮಾರು ಶೇ 5ರಷ್ಟು ಮಂದಿಗೆ ಅದು ಇರುತ್ತದೆಂಬುದು ಅಂಗೀಕೃತ ಅಂದಾಜು. ಇನ್ನೊಂದು, ‘ಮೂಳೆದ್ವೀಪ’: ಮೂಳೆಯೊಳಗಿನ ಜಾಲರಿಯಂಥ ಭಾಗದ ನಡುವೆ ಗಟ್ಟಿಮೂಳೆಯ ಒಂದು ಚುಕ್ಕೆ. ಬೇರೆ ಅಂಗದಿಂದ ಹರಡಿದ ಕ್ಯಾನ್ಸರೂ ಕೆಲವೊಮ್ಮೆ ಹೀಗೆಯೇ ಬೆಳ್ಳಗೆ ಕಾಣುವುದರಿಂದ ಗೊಂದಲ ಹುಟ್ಟುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ಸರಾಸರಿ ಸಾಂದ್ರತೆ 885 ಹೌನ್ಸ್‌ಫೀಲ್ಡ್ ಮಾನಕ್ಕಿಂತ ಹೆಚ್ಚಿದ್ದರೆ ಅದು ಮೂಳೆದ್ವೀಪವಾಗಿರುವ ಸಂಭವವೇ ಹೆಚ್ಚೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಆ ಗೆರೆ ಅಷ್ಟು ಕಟ್ಟುನಿಟ್ಟಿನದಲ್ಲವೆಂದು ಅನಂತರದ ಅಧ್ಯಯನಗಳು ತೋರಿಸಿವೆಯಾದರೂ, ಸೂಜಿ ಚುಚ್ಚುವ ಮೊದಲು ನೋಡಬೇಕಾದ ಅಂಕಿ ಅದೆಂಬುದರಲ್ಲಿ ವಿವಾದವಿಲ್ಲ.

ದುಬಾರಿ ಚಿತ್ರವೇ ಉತ್ತಮ ಚಿತ್ರವೆಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಮಚ್ಚೆಯ ಅಂಚು ಸ್ಪಷ್ಟವಾಗಿದೆಯೇ, ಕಲಸಿದಂತಿದೆಯೇ ಎಂಬುದರಿಂದ ಅದರ ಬೆಳವಣಿಗೆಯ ವೇಗವನ್ನು ಅಳೆಯುವ ಕ್ರಮವನ್ನು ರೂಪಿಸಿದವರಲ್ಲಿ ಅಮೆರಿಕದ ಲಾಡ್ವಿಕ್ ಪ್ರಮುಖರು. ಆ ಕ್ರಮ ನಿಂತಿರುವುದು ಸಾಮಾನ್ಯ ಎಕ್ಸ್-ರೇ ಮೇಲೆ. ಯುವಜನರಲ್ಲಿ ರಾತ್ರಿ ಕಾಡುವ, ಆಸ್ಪಿರಿನ್ ಮಾತ್ರೆಗೆ ತಗ್ಗುವ ನೋವನ್ನು ತರುವ ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಪುಟ್ಟ ಗಡ್ಡೆಯ ವಿಷಯದಲ್ಲಂತೂ ಎಂ.ಆರ್.ಐ. ದಾರಿತಪ್ಪಿಸುವುದುಂಟು. ಸುತ್ತಲಿನ ಊತವನ್ನೇ ದೊಡ್ಡದಾಗಿ ತೋರಿಸಿ, ಸೋಂಕೋ ಮಾರಕ ಗಡ್ಡೆಯೋ ಎಂಬ ಸಂಶಯ ಹುಟ್ಟಿಸುತ್ತದೆ. ಒಳಗಿನ ಬೀಜದಂಥ ಕೇಂದ್ರ ನಿಚ್ಚಳವಾಗಿ ಕಾಣುವುದು ತೆಳುಪದರಗಳ ಸಿ.ಟಿ.ಯಲ್ಲಿ.

ಹಾಗೆಂದು ಸೊಂಟದ ಮಚ್ಚೆಗಳನ್ನೆಲ್ಲ ಹಗುರವಾಗಿ ಕಾಣಲಾಗದು. ಕೈಬೆರಳಿನಲ್ಲಿ ಬಹುತೇಕ ನಿರುಪದ್ರವಿಯಾದ ಮೃದ್ವಸ್ಥಿಯ ಗಡ್ಡೆ ಶ್ರೋಣಿಯ ಮೂಳೆಯಲ್ಲಿದ್ದರೆ ತಜ್ಞರು ಎಚ್ಚರ ವಹಿಸುತ್ತಾರೆ. ನಲವತ್ತು ದಾಟಿದವರಲ್ಲಿ ಹರಡಿದ ಕ್ಯಾನ್ಸರನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಫೈಬ್ರಸ್ ಡಿಸ್‌ಪ್ಲೇಸಿಯಾ ಕ್ಯಾನ್ಸರ್ ಅಲ್ಲದಿದ್ದರೂ ತೊಡೆಮೂಳೆಯ ಮೇಲ್ಭಾಗವನ್ನು ಕುರಿಗಾಹಿಯ ಕೋಲಿನಂತೆ ಬಾಗಿಸಬಲ್ಲದು, ಮುರಿಯಲೂಬಹುದು.

ಈ ವಿವೇಚನೆ ತಜ್ಞನ ಕೆಲಸ. ಆದರೆ ಅದನ್ನು ಬರಹಕ್ಕಿಳಿಸುವಾಗ ಅರ್ಥಶಾಸ್ತ್ರ ನಡುವೆ ಬರುತ್ತದೆ. ವೈದ್ಯನಿಗೆ ತಿಳಿದದ್ದು ರೋಗಿಗೆ ತಿಳಿಯದ ಮಾರುಕಟ್ಟೆ ಬೇರೆ ಮಾರುಕಟ್ಟೆಗಳಂತೆ ವರ್ತಿಸದೆಂದು ಕೆನೆತ್ ಆ್ಯರೋ 1963ರಲ್ಲೇ ವಿವರಿಸಿದ್ದರು. ‘ನಿರಪಾಯಕಾರಿ’ ಎಂದು ಬರೆದು ತಪ್ಪಿದರೆ ಹೊಣೆ ಬರೆದವರದು. ‘ತಳ್ಳಿಹಾಕಲಾಗದು’ ಎಂದು ಬರೆದು ತಪ್ಪಿದರೆ ವೆಚ್ಚ ರೋಗಿಯದು. ಇದ್ದದ್ದನ್ನು ವಿವರವಾಗಿ ಬರೆದು, ನಿರ್ಣಯದ ಜಾಗದಲ್ಲಿ ‘ಸೂಕ್ತ ಆದೇಶಕ್ಕಾಗಿ ಸಲ್ಲಿಸಿದೆ’ ಎಂದು ಕಡತವನ್ನು ಮೇಲಕ್ಕೆ ದಾಟಿಸುವ ಟಿಪ್ಪಣಿಗಳನ್ನು ಸರ್ಕಾರಿ ಸೇವೆಯಲ್ಲಿ ಹೇರಳವಾಗಿ ಕಂಡವನಿಗೆ ಈ ಶೈಲಿ ಅಪರಿಚಿತವೇನಲ್ಲ. ಕಡತ ಕಾಯಬಲ್ಲದು, ರೋಗಿಯ ಕಾಯುವಿಕೆ ಬೇರೆ. ಬಯಾಪ್ಸಿಯೂ ಸಣ್ಣ ಮಾತಲ್ಲ. ಮೂಳೆ ಮತ್ತು ಮೃದು ಅಂಗಾಂಶದ ಗಡ್ಡೆಗಳಿಗೆ ಬಯಾಪ್ಸಿಯಾದ 329 ರೋಗಿಗಳ ಬಗ್ಗೆ ಹೆನ್ರಿ ಮ್ಯಾನ್‌ಕಿನ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 18.2ರಷ್ಟು ಪ್ರಕರಣಗಳಲ್ಲಿ ರೋಗನಿರ್ಣಯದ ಗಂಭೀರ ದೋಷಗಳಿದ್ದವು, ಶೇ 4.5ರಷ್ಟು ರೋಗಿಗಳು ಅನಗತ್ಯವಾಗಿ ಅಂಗಚ್ಛೇದಕ್ಕೆ ಒಳಗಾಗಿದ್ದರು.

ಪರಿಹಾರಕ್ಕೆ ಹೊಸ ಯಂತ್ರ ಬೇಕಿಲ್ಲ. ಅಮೆರಿಕದ ಅಸ್ಥಿ ರೇಡಿಯಾಲಜಿ ತಜ್ಞರ ಸಂಘದ ಪರವಾಗಿ 2022ರಲ್ಲಿ ಪ್ರಕಟವಾದ ಬೋನ್-ರ್‍ಯಾಡ್ಸ್ ಪದ್ಧತಿ ಆಕಸ್ಮಿಕ ಮಚ್ಚೆಗಳಿಗೆ ನಾಲ್ಕು ದರ್ಜೆ ನೀಡುತ್ತದೆ: ಹಾಗೆಯೇ ಬಿಡಿ, ಬೇರೆ ಬಗೆಯ ಚಿತ್ರ ತೆಗೆಯಿರಿ, ಕೆಲಕಾಲದ ನಂತರ ಮತ್ತೆ ನೋಡಿ, ಬಯಾಪ್ಸಿಗೋ ಕ್ಯಾನ್ಸರ್ ತಜ್ಞರಲ್ಲಿಗೋ ಕಳಿಸಿ. ಮೊದಲ ದರ್ಜೆಯ ಬೆಲೆ ದೊಡ್ಡದು. ‘ಬಿಟ್ಟುಬಿಡಿ’ ಎಂದು ಬರೆಯಲು ತಜ್ಞನಿಗೆ ಅದು ಶಾಸ್ತ್ರೀಯ ಆಸರೆ.

ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ 2015ರಲ್ಲಿ ಆರಂಭವಾದ ಉಚಿತ ರೋಗಪತ್ತೆ ಸೇವೆಯಲ್ಲಿ ಜಿಲ್ಲಾ ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನೂ ದೂರದಿಂದ ಚಿತ್ರ ಓದುವ ಟೆಲಿರೇಡಿಯಾಲಜಿಯೂ ಸೇರಿವೆ. ಹೀಗೆ ದೂರದಲ್ಲಿ ಕುಳಿತು ಓದುವವರ ಮುಂದೆ ರೋಗಿಯಿಲ್ಲ; ಹಲವು ವೇಳೆ ಹಳೆಯ ಎಕ್ಸ್-ರೇ ಕೂಡ ಇರುವುದಿಲ್ಲ. ಹತ್ತು ವರ್ಷದ ಹಿಂದಿನ ಚಿತ್ರದಲ್ಲೂ ಅದೇ ಮಚ್ಚೆ ಅದೇ ಗಾತ್ರದಲ್ಲಿದ್ದರೆ ಬಹುಪಾಲು ಪ್ರಕರಣಗಳಲ್ಲಿ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಪ್ರತಿ ಸ್ಕ್ಯಾನಿಗೆ ಇಷ್ಟೆಂದು ಹಣ ಕೊಡುವ ಒಪ್ಪಂದಗಳಲ್ಲಿ ಮೂರು ಷರತ್ತುಗಳನ್ನು ಸೇರಿಸಲು ಸರ್ಕಾರಕ್ಕೆ ಅಡ್ಡಿಯೇನಿಲ್ಲ: ವರದಿಯಲ್ಲಿ ದರ್ಜೆ ನಮೂದಾಗಬೇಕು, ಹಳೆಯ ಚಿತ್ರದೊಡನೆ ಹೋಲಿಸಿದ್ದನ್ನು ಅಥವಾ ಅದು ಲಭ್ಯವಿರಲಿಲ್ಲವೆಂಬುದನ್ನು ಬರೆಯಬೇಕು, ಮೂಲ ಚಿತ್ರ ರೋಗಿಯ ಕೈಗೆ ಸಿಗಬೇಕು. 2021ರಲ್ಲಿ ದೇಶದಾದ್ಯಂತ ಆರಂಭವಾದ ಡಿಜಿಟಲ್ ಆರೋಗ್ಯ ಅಭಿಯಾನದ ದಾಖಲೆಗಳಲ್ಲಿ ವರದಿಯ ಪ್ರತಿಯೊಂದಿಗೆ ಚಿತ್ರವೂ ಉಳಿಯುವಂತಾದರೆ, ಮುಂದಿನ ಸಲ ಅದೇ ಮಚ್ಚೆಯನ್ನು ನೋಡುವ ವೈದ್ಯರು ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.