ಬಿರುದಿನಲ್ಲಿ ಉಳಿದ ಊರು

ಯಲಹಂಕ ಎಂದೊಡನೆ ಇಂದಿನವರಿಗೆ ನೆನಪಾಗುವುದು ವೈಮಾನಿಕ ಪ್ರದರ್ಶನ, ರೈಲ್ವೆ ಗಾಲಿ ಕಾರ್ಖಾನೆ. ಬೆಂಗಳೂರಿನ ಅಂಚಿಗೆ ಅಂಟಿಕೊಂಡ ಬಡಾವಣೆಯೆಂದೇ ಹಲವರ ಎಣಿಕೆ. ನಿಜಸಂಗತಿ ಇದಕ್ಕೆ ತಲೆಕೆಳಗು. ಚೋಳರ ಕಾಲದ ತಮಿಳು ಶಾಸನಗಳಲ್ಲಿಯೇ ಈ ಸೀಮೆಗೆ ‘ಇಲೈಪಾಕ್ಕ ನಾಡು’ ಎಂಬ ಹೆಸರಿದೆ. ಬೆಂಗಳೂರು ಪೇಟೆ ಇನ್ನೂ ಹುಟ್ಟಿರಲಿಲ್ಲ.

ಕಂಚಿಯ ಕಡೆಯಿಂದ ಬಂದ ಮೊರಸು ಒಕ್ಕಲಿಗರ ರಣಭೈರೇಗೌಡ ದೇವನಹಳ್ಳಿ ಬಳಿಯ ಆವತಿಯಲ್ಲಿ ನೆಲೆನಿಂತನೆಂದು ಪ್ರತೀತಿ. ಆ ಮನೆತನದ ಕವಲುಗಳು ದೇವನಹಳ್ಳಿ, ಚಿಕ್ಕಬಳ್ಳಾಪುರ ಮೊದಲಾದೆಡೆ ಪಾಳೆಯಪಟ್ಟು ಕಟ್ಟಿದವು. ಜಯಗೌಡನ ಕವಲು ಯಲಹಂಕದಲ್ಲಿ ನಿಂತು ವಿಜಯನಗರದ ಸಾಮಂತರಾಗಿ ಆಳಿತು. ಈ ವಂಶದ ಕೆಂಪೇಗೌಡ 1537ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿ ಬೆಂಗಳೂರು ಪೇಟೆಗೆ ಅಡಿಪಾಯ ಹಾಕಿದ. ಹೊಸ ಊರಿನ ಹೆಸರನ್ನೂ ಕೊಡಿಗೆಹಳ್ಳಿ ಪಕ್ಕದ ಹಳೇ ಬೆಂಗಳೂರಿನಿಂದ ಒಯ್ದನೆಂದು ಈ ಕಡೆಯವರು ಹೆಮ್ಮೆಯಿಂದ ಹೇಳುವುದುಂಟು. ಸ್ವಂತ ನಾಣ್ಯ ಟಂಕಿಸಿದ ತಪ್ಪಿಗೆ ಐದು ವರ್ಷ ಆನೆಗೊಂದಿಯ ಸೆರೆಯಲ್ಲಿದ್ದನಂತೆ. ಸಾಮಂತ ಕೆರೆ ಕಟ್ಟಿಸಬಹುದು, ಪೇಟೆ ಕಟ್ಟಿಸಬಹುದು. ನಾಣ್ಯ ಮಾತ್ರ ಚಕ್ರವರ್ತಿಯ ಸೊತ್ತು!

1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನಿಗೆ ಬೆಂಗಳೂರು ಹೋಯಿತು. ಮನೆತನ ಮಾಗಡಿಗೆ ಸರಿಯಿತು. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಹಿಡಿದರು. ಊರಿಂದ ಊರಿಗೆ ಹೋದರೂ ಬಿರುದು ಬದಲಾಗಲಿಲ್ಲ. ಅವರು ಎಲ್ಲಿದ್ದರೂ ‘ಯಲಹಂಕ ನಾಡಪ್ರಭು’ಗಳೇ.

ದೂರದ ಪೋಲೆಂಡಿನಲ್ಲಿ ಇಂಥದೇ ಒಂದು ಕಥೆಯಿದೆ. ಝಮೋಶ್ಚ್ ಎಂಬ ಹಳ್ಳಿಯಿಂದ ಝಮೋಯ್‌ಸ್ಕಿ ಎಂಬ ಸರದಾರರ ಮನೆತನಕ್ಕೆ ಹೆಸರು ಬಂತು. ಆ ಮನೆತನದ ಯಾನ್ 1580ರಲ್ಲಿ ಹೊಸ ಪಟ್ಟಣ ಕಟ್ಟಿ ಅದಕ್ಕೂ ಅದೇ ಹೆಸರಿಟ್ಟ. ಹಳ್ಳಿ ‘ಹಳೇ ಝಮೋಶ್ಚ್’ ಆಯಿತು. ಪಟ್ಟಣ 1992ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ನಮ್ಮಲ್ಲಿ ಯಲಹಂಕದ ಹೆಸರು ಹೊಸ ಊರಿಗೆ ಸಿಗಲಿಲ್ಲ, ಅದರ ಬಾಗಿಲಿಗೆ ಸಿಕ್ಕಿತು. ಬೆಂಗಳೂರು ಪೇಟೆಯ ಕೋಟೆಗೆ ಉತ್ತರದಲ್ಲಿದ್ದುದು ಯಲಹಂಕ ಬಾಗಿಲು. ಹಲಸೂರು ಬಾಗಿಲಿನ ಹೆಸರಾದರೂ ಹಲಸೂರು ಗೇಟ್ ಪೊಲೀಸ್ ಠಾಣೆಯಲ್ಲಿ ಉಳಿದುಕೊಂಡಿದೆ. ಯಲಹಂಕ ಬಾಗಿಲು ಇದ್ದ ಜಾಗವನ್ನು ಜನ ಮೈಸೂರು ಬ್ಯಾಂಕ್ ವೃತ್ತ ಎನ್ನುತ್ತಾರೆ. ತಮಾಷೆಯೆಂದರೆ ಆ ಬ್ಯಾಂಕೂ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಗಿಹೋಯಿತು. ವಿಮಾನ ನಿಲ್ದಾಣದಲ್ಲಿ 2022ರಲ್ಲಿ ಕೆಂಪೇಗೌಡರ 108 ಅಡಿ ಎತ್ತರದ ಪ್ರತಿಮೆಯನ್ನೇ ನಿಲ್ಲಿಸಿದವರಿಗೆ, ‘ಯಲಹಂಕ ಬಾಗಿಲು ಇಲ್ಲಿತ್ತು’ ಎಂದು ಈ ವೃತ್ತದಲ್ಲಿ ದಾರಿಹೋಕರ ಕಣ್ಣಿಗೆ ಬೀಳುವಂಥ ಒಂದು ಕಲ್ಲು ನೆಡುವುದು ದೊಡ್ಡ ಖರ್ಚಿನ ಬಾಬತ್ತೇನಲ್ಲ.