ನಕ್ಷೆ ಬರೆದರೆ ಸಾಲದು, ತೆರೆಯುವಂತೆ ಕೊಡಲೂ ಬರಬೇಕು

ಡಿಪ್ಲೊಮಾ ಮುಗಿಸಿದ ಮೇಲೆ ನನಗೆ ಬಂದ ಮೊದಲ ಸಂದರ್ಶನ ಬೆಂಗಳೂರಿನ ಒಂದು ಸಣ್ಣ ಆರ್ಕಿಟೆಕ್ಟ್ ಕಚೇರಿಯಲ್ಲಿತ್ತು. ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಅಲ್ಲೇ ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಜೇಬಿನಲ್ಲಿದ್ದ ಪೆನ್‌ಡ್ರೈವ್‌ನಲ್ಲಿ ನನ್ನ ಕೊನೆಯ ಸೆಮಿಸ್ಟರಿನ ಶ್ರಮವೆಲ್ಲ ಇತ್ತು. ಎರಡು ಅಂತಸ್ತಿನ ಮನೆಯ ಪ್ಲಾನ್, ಎಲಿವೇಷನ್, ಸೆಕ್ಷನ್.

‘ಎಲ್ಲಿ, ನಿನ್ನ ಡ್ರಾಯಿಂಗ್ ತೋರಿಸಪ್ಪ’ ಎಂದರು ಸಂದರ್ಶನ ಮಾಡುತ್ತಿದ್ದವರು. ಪೆನ್‌ಡ್ರೈವ್ ಹಾಕಿ ಫೈಲ್ ಒತ್ತಿದೆ. ಈ ಡ್ರಾಯಿಂಗ್ ಫೈಲ್ ಸರಿಯಿಲ್ಲ ಎಂಬರ್ಥದ ಸಾಲೊಂದು ಪರದೆಯ ಮೇಲೆ ಬಂತು. ಮತ್ತೆ ಒತ್ತಿದೆ, ಮತ್ತದೇ ಸಾಲು. ‘ಪ್ರಿಂಟ್ ಇದೆಯಾ? ಪಿಡಿಎಫ್ ಆದರೂ?’ ಎಂದು ಕೇಳಿದರು. ಎರಡೂ ಇರಲಿಲ್ಲ. ‘ಫೋನ್ ಮಾಡ್ತೀವಿ’ ಎಂದರು. ಫೋನ್ ಬರಲಿಲ್ಲ.

ಅಪ್ಪ ಗಾರೆ ಮೇಸ್ತ್ರಿ. ಊರಿಗೆ ಬಂದು ನಡೆದದ್ದು ಹೇಳಿದಾಗ, ‘ಕಾಗದದ ಮೇಲೆ ಬರ್ದಿದ್ರೆ ನಾನೇ ಓದ್ತಿದ್ದೆನಲ್ಲೋ’ ಎಂದು ನಕ್ಕರು. ತಮಾಷೆಗೆ ಹೇಳಿದ್ದರೂ ಆ ಮಾತು ನಾಟಿತು. ನಕ್ಷೆ ಇರುವುದೇ ಇನ್ನೊಬ್ಬರು ಓದಲಿ ಎಂದು. ಅವರ ಬಳಿ ಅದು ತೆರೆಯದಿದ್ದರೆ ನಾನು ಏನನ್ನೂ ಬರೆದಿಲ್ಲ ಎಂದೇ ಲೆಕ್ಕ.

ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ಫೈಲ್ ಕೆಟ್ಟಿರಲಿಲ್ಲ. ನಮ್ಮ ಲ್ಯಾಬಿನಲ್ಲಿದ್ದದ್ದು ಆಟೋಕ್ಯಾಡ್ 2020, ಆ ಕಚೇರಿಯಲ್ಲಿದ್ದದ್ದು 2014. ಆಟೋಕ್ಯಾಡ್ ಮೊದಲು ಬಂದದ್ದು 1982ರಲ್ಲಿ. ಅದರ ಡಿಡಬ್ಲ್ಯುಜಿ ಫೈಲಿನ ಒಳರಚನೆ ಅಂದಿನಿಂದ ಹಲವು ಸಲ ಬದಲಾಗಿದೆ. ಈಚಿನ ಬದಲಾವಣೆಗಳೆಂದರೆ 2000, 2004, 2007, 2010, 2013 ಮತ್ತು 2018ರ ಆವೃತ್ತಿಗಳಲ್ಲಿ ಆದವು. 2020ರ ಆವೃತ್ತಿ ತಾನಾಗಿಯೇ 2018ರ ಬಗೆಯಲ್ಲಿ ಉಳಿಸುತ್ತದೆ. 2014ರ ಆವೃತ್ತಿಗೆ ಗೊತ್ತಿರುವುದು 2013ರ ಬಗೆಯವರೆಗೆ ಮಾತ್ರ. ಅಜ್ಜಿ ಬರೆದ ಪತ್ರವನ್ನು ಮೊಮ್ಮಗ ಓದಬಲ್ಲ. ಮೊಮ್ಮಗನ ವಾಟ್ಸ್‌ಆ್ಯಪ್ ಭಾಷೆ ಅಜ್ಜಿಗೆ ತಿಳಿಯದು. ಇದೂ ಹಾಗೆಯೇ.

‘ಆ ಕಚೇರಿಯವರು ಹೊಸದು ತೆಗೆದುಕೊಳ್ಳಬಹುದಿತ್ತಲ್ಲ’ ಎಂದ ಗೆಳೆಯನೊಬ್ಬ. ಅಷ್ಟು ಸುಲಭವಲ್ಲ. ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳುವ ಪರವಾನಗಿಯನ್ನು ಹೊಸದಾಗಿ ಮಾರುವುದನ್ನು ಆಟೋಡೆಸ್ಕ್ ಕಂಪನಿ 2016ರಲ್ಲಿ ನಿಲ್ಲಿಸಿತು. ಈಗ ಇರುವುದು ಚಂದಾ ಪದ್ಧತಿ. ನಾಲ್ಕೈದು ಜನರ ಕಚೇರಿಯೊಂದು ಹಿಂದೆ ಕೊಂಡ ಹಳೆಯ ಆವೃತ್ತಿಯಲ್ಲೇ ಕೆಲಸ ಸಾಗಿಸಿದರೆ ತಪ್ಪೇನು? ನಮ್ಮಂಥವರಿಗೆ ಮೊದಲ ಕೆಲಸ ಕೊಡುವವರೂ ಹೆಚ್ಚಾಗಿ ಇಂಥ ಕಚೇರಿಯವರೇ. ಅವರ ಯಂತ್ರದಲ್ಲಿ ತೆರೆಯುವಂತೆ ಫೈಲ್ ಕೊಡುವುದು ನಮ್ಮ ಹೊಣೆ.

ಇದಕ್ಕೆ ಬೇಕಾದ ವಿದ್ಯೆ ದೊಡ್ಡದೇನಲ್ಲ. ಫೈಲ್ ಯಾವ ಬಗೆಯದೆಂದು ತಿಳಿಯಲು ಅದರ ನಕಲೊಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಅರ್ಥವಾಗದ ಚಿಹ್ನೆಗಳ ರಾಶಿಯ ಮೊದಲ ಆರು ಅಕ್ಷರಗಳೇ ಉತ್ತರ. ಎಸಿ1032 ಎಂದಿದ್ದರೆ 2018ರ ಬಗೆ, ಎಸಿ1027 ಎಂದಿದ್ದರೆ 2013ರದ್ದು, ಎಸಿ1024 ಎಂದಿದ್ದರೆ 2010ರದ್ದು. ನೋಡಿ ಮುಚ್ಚಿಬಿಡಿ, ಅಲ್ಲಿ ಸೇವ್ ಮಾತ್ರ ಮಾಡಬೇಡಿ.

ಕಳಿಸುವವರು ನಾವಾದರೆ ‘ಸೇವ್ ಆ್ಯಸ್’ ಒತ್ತಿ, ಕೆಳಗಿನ ಪಟ್ಟಿಯಲ್ಲಿ ಹಳೆಯ ಬಗೆಯನ್ನು ಆರಿಸಿದರಾಯಿತು. ಪಡೆದುಕೊಂಡವರು ನಾವಾದರೆ ಆಟೋಡೆಸ್ಕ್‌ನವರದ್ದೇ ಡಿಡಬ್ಲ್ಯುಜಿ ಟ್ರೂವ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ಹೊಸ ಫೈಲನ್ನು ತೆರೆದು ನೋಡಬಹುದು, ಹಳೆಯ ಬಗೆಗೆ ಪರಿವರ್ತಿಸಲೂಬಹುದು. ಆವತ್ತು ಇಷ್ಟು ಗೊತ್ತಿದ್ದಿದ್ದರೆ ಸಂದರ್ಶನಕ್ಕೆ ಮೊದಲೇ ಹತ್ತಿರದ ಸೈಬರ್ ಸೆಂಟರಿನಲ್ಲಿ ಕೂತು ಕೆಲಸ ಮುಗಿಸುತ್ತಿದ್ದೆ.

ಆದರೆ ಫೈಲ್ ತೆರೆದ ಮಾತ್ರಕ್ಕೆ ಎಲ್ಲ ಸರಿಯಾಯಿತು ಎಂದುಕೊಳ್ಳುವಂತಿಲ್ಲ. ಅದನ್ನು ಕಲಿತದ್ದು ಕೆಲಸ ಸಿಕ್ಕ ಮೇಲೆ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಹಳೆಯ ಬಗೆಯಲ್ಲೇ ಫೈಲ್ ಉಳಿಸಿ ಕಳಿಸಿದ್ದೆ. ಅವರಲ್ಲಿ ತೆರೆಯಿತು, ಗೋಡೆಗಳೂ ಕಂಡವು. ಆದರೆ ಕಾಲಂ ಗ್ರಿಡ್ಡೇ ಇಲ್ಲ! ಗ್ರಿಡ್ ಇದ್ದದ್ದು ಬೇರೊಂದು ಫೈಲಿನಲ್ಲಿ. ನಾವು ಎಕ್ಸ್‌ರೆಫ್ ಎಂದು ಕರೆಯುವ ಜೋಡಣೆಯ ಮೂಲಕ ಅದು ನನ್ನ ಪರದೆಯಲ್ಲಿ ಕಾಣುತ್ತಿತ್ತು, ಅಷ್ಟೆ. ಮುಖ್ಯ ಫೈಲನ್ನು ಹಳೆಯ ಬಗೆಗೆ ಉಳಿಸಿದರೆ ಜೋಡಿಸಿದ ಫೈಲ್ ಬದಲಾಗುವುದಿಲ್ಲ, ತಾನಾಗಿ ಜೊತೆಗೆ ಹೋಗುವುದೂ ಇಲ್ಲ. ಅವರು ಒಪ್ಪಿಗೆ ಕೊಡುವವರೆಗೆ ಸೈಟಿನಲ್ಲಿ ಪಾಯದ ಗುರುತು ಹಾಕುವಂತಿರಲಿಲ್ಲ. ಬಂದ ಕೆಲಸಗಾರರು ಮಧ್ಯಾಹ್ನದವರೆಗೆ ಕೂತು ವಾಪಸಾದರು. ಅಪ್ಪನೂ ಅದೇ ಕಸುಬಿನವರು. ಅರ್ಧ ದಿನದ ಕೂಲಿ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಇದಕ್ಕೂ ದಾರಿಯಿದೆ. ಆಟೋಕ್ಯಾಡ್‌ನಲ್ಲಿ ಇಟ್ರಾನ್ಸ್‌ಮಿಟ್ ಎಂಬ ಆಜ್ಞೆಯಿದೆ. ಅದು ಮುಖ್ಯ ಫೈಲನ್ನೂ ಜೋಡಿಸಿದ ಫೈಲುಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಡುತ್ತದೆ. ಎಲ್ಲವನ್ನೂ ಹಳೆಯ ಬಗೆಗೆ ಇಳಿಸುವ ಆಯ್ಕೆ ಅದರ ಸೆಟ್ಟಿಂಗ್‌ನಲ್ಲೇ ಇದೆ. ಫಾಂಟ್ ಸೇರಿಸುವ ಆಯ್ಕೆಗೂ ಗುರುತು ಹಾಕುವುದನ್ನು ಮರೆಯಬಾರದು. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುವುದನ್ನು ನಾವೆಲ್ಲ ನೋಡಿದ್ದೇವೆ. ಡ್ರಾಯಿಂಗ್‌ನಲ್ಲಿ ಕನ್ನಡದಲ್ಲಿ ಬರೆದ ಕೋಣೆಗಳ ಹೆಸರಿಗೂ ಅದೇ ಗತಿ. ಯೂನಿಕೋಡ್ ಬಳಸಿದರೆ ಆ ತೊಂದರೆ ಬಹುಪಾಲು ತಪ್ಪುತ್ತದೆ.

ರೆವಿಟ್ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ಅದರಲ್ಲಿ ಹಳೆಯ ಆವೃತ್ತಿಗೆ ಉಳಿಸುವ ದಾರಿಯೇ ಇಲ್ಲ. ಹೊಸ ಆವೃತ್ತಿಯಲ್ಲಿ ತೆರೆದು ಒಮ್ಮೆ ಸೇವ್ ಮಾಡಿದರೆ ಮುಗಿಯಿತು, ಹಳೆಯದರಲ್ಲಿ ಆ ಫೈಲ್ ಮತ್ತೆ ತೆರೆಯದು. ಐಎಫ್‌ಸಿ ಅಥವಾ ಡಿಡಬ್ಲ್ಯುಜಿಗೆ ರಫ್ತು ಮಾಡಬಹುದು. ಆದರೆ ಆಗ ಮಾದರಿಯನ್ನು ಮೊದಲಿನಂತೆ ಸಲೀಸಾಗಿ ತಿದ್ದುವ ಅನುಕೂಲ ಉಳಿಯುವುದಿಲ್ಲ. ಹೀಗಾಗಿ ಒಂದೇ ಕಟ್ಟಡದ ಮೇಲೆ ಕೆಲಸ ಮಾಡುವವರೆಲ್ಲ ಯಾವ ವರ್ಷದ ಆವೃತ್ತಿ ಎಂಬುದನ್ನು ಮೊದಲ ದಿನವೇ ಮಾತಾಡಿಕೊಳ್ಳಬೇಕು.

ಇವೆಲ್ಲ ಯೂಟ್ಯೂಬ್‌ನಲ್ಲಿ ಸಿಗುತ್ತವೆ, ಕಾಲೇಜಿನಲ್ಲಿ ಯಾಕೆ ಕಲಿಸಬೇಕು ಎಂದು ಕೇಳುವವರಿದ್ದಾರೆ. ಸಿಗುತ್ತವೆ ನಿಜ. ಆದರೆ ಇಂಥದ್ದೊಂದು ಸಮಸ್ಯೆ ಇದೆ ಎಂಬುದೇ ಗೊತ್ತಿಲ್ಲದವನು ಏನೆಂದು ಹುಡುಕಬೇಕು? ಲ್ಯಾಬಿನಲ್ಲಿ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಆವೃತ್ತಿ. ಅಲ್ಲಿ ಬರೆದದ್ದು ಅಲ್ಲೇ ತೆರೆಯುತ್ತದೆ, ಅಲ್ಲೇ ಅಂಕವೂ ಸಿಗುತ್ತದೆ. ನಾಲ್ಕು ಗೋಡೆಯ ಆಚೆ ಬೇರೆ ಬೇರೆ ಕಾಲದ ಯಂತ್ರಗಳಿವೆ ಎಂಬುದು ನಮಗೆ ತಿಳಿಯುವುದು ಸಂದರ್ಶನದ ಕುರ್ಚಿಯಲ್ಲಿ.

ಹಾಗಾಗಿ ನನ್ನದೊಂದು ಸಣ್ಣ ಬೇಡಿಕೆ. ಡ್ರಾಯಿಂಗ್ ಲ್ಯಾಬಿನ ಪರೀಕ್ಷೆಯಲ್ಲಿ ಐದೇ ಐದು ಅಂಕ ಫೈಲ್ ಒಪ್ಪಿಸುವುದಕ್ಕೆ ಇರಲಿ. ಲ್ಯಾಬಿನ ಮೂಲೆಯ ಒಂದು ಕಂಪ್ಯೂಟರಿನಲ್ಲಿ, ಕಾಲೇಜಿನ ಬಳಿ ಪರವಾನಗಿಯಿರುವ ಹಳೆಯ ಆವೃತ್ತಿ ಇರಲಿ. ಅದಿಲ್ಲದಿದ್ದರೆ ಉಚಿತವಾಗಿ ನೋಡುವ ತಂತ್ರಾಂಶವಾದರೂ ಇರಲಿ. ವಿದ್ಯಾರ್ಥಿ ತನ್ನ ಫೈಲನ್ನು ಹೇಳಿದ ಹಳೆಯ ಬಗೆಗೆ ಇಳಿಸಿ, ಅಲ್ಲಿ ತೆರೆದು, ಎಕ್ಸ್‌ರೆಫ್ ಬಂದಿದೆಯೇ, ಅಕ್ಷರ ಸರಿಯಿದೆಯೇ, ಒಂದು ಗೋಡೆಯ ಅಳತೆ ಹೊಂದುತ್ತದೆಯೇ ಎಂದು ತೋರಿಸಲಿ. ಇದಕ್ಕೆ ಹೊಸ ಪಠ್ಯಪುಸ್ತಕವೂ ಬೇಡ, ದೊಡ್ಡ ಖರ್ಚೂ ಇಲ್ಲ. ಹಾಗೆಯೇ ಕೆಲಸಕ್ಕೆ ಕರೆಯುವವರು ‘ಕ್ಯಾಡ್ ಗೊತ್ತಿರಬೇಕು’ ಎಂದು ಬರೆಯುವಾಗ ತಮ್ಮಲ್ಲಿರುವ ಆವೃತ್ತಿಯನ್ನೂ ಒಂದು ಪದದಲ್ಲಿ ಸೇರಿಸಿದರೆ ದೂರದೂರಿನಿಂದ ಬರುವ ಹುಡುಗ ಹುಡುಗಿಯರಿಗೆ ಎಷ್ಟೋ ಉಪಕಾರ.

ಅಲ್ಲಿಯವರೆಗೆ ನಮ್ಮ ಎಚ್ಚರದಲ್ಲಿ ನಾವಿರೋಣ. ಸಂದರ್ಶನಕ್ಕೆ ಹೊರಡುವ ಗೆಳೆಯರೇ, ಪೆನ್‌ಡ್ರೈವ್‌ನಲ್ಲಿ ಮೂಲ ಫೈಲಿನ ಜೊತೆಗೆ 2010ರ ಬಗೆಯ ಇನ್ನೊಂದು ಪ್ರತಿ ಇರಲಿ, ಒಂದು ಪಿಡಿಎಫ್ ಇರಲಿ. ನನ್ನ ಎರಡನೇ ಸಂದರ್ಶನಕ್ಕೆ ಇವೆರಡರ ಜೊತೆಗೆ ದೊಡ್ಡ ಹಾಳೆಯಲ್ಲಿ ತೆಗೆದ ಒಂದು ಪ್ರಿಂಟನ್ನೂ ಒಯ್ದಿದ್ದೆ. ಹೊರಡುವ ಮುನ್ನ ಅದನ್ನು ಅಪ್ಪನ ಮುಂದೆ ಹರಡಿದೆ. ಅವರು ಬೆರಳಿಟ್ಟು ಗೋಡೆ, ಕಿಟಕಿ, ಮೆಟ್ಟಿಲು ಒಂದೊಂದಾಗಿ ನೋಡಿ, ‘ಮೆಟ್ಟಿಲ ಅಗಲ ಹಾಕಿಲ್ವಲ್ಲೋ’ ಎಂದರು. ಅಳತೆ ಸೇರಿಸಿ ಮತ್ತೊಂದು ಪ್ರಿಂಟ್ ತೆಗೆಸಿಕೊಂಡೇ ಬಸ್ಸು ಹತ್ತಿದೆ.